ನೀರಿಗೆ ಮುಖ ಮಾಡಿದ ಬ್ಯಾಂಕಾಕ್

ಸುವರ್ಣಭೂಮಿ ವಿಮಾನ ನಿಲ್ದಾಣದ ಅಡಿಯಿಂದ ಹೊರಟ ರೈಲು ಸ್ವಲ್ಪ ಹೊತ್ತಿಗೇ ಮೇಲ್ಸೇತುವೆ ಏರುತ್ತದೆ. ಕಿಟಕಿಯಾಚೆ ಚಪ್ಪಟೆ ನೆಲ, ಜೊಂಡು ಬೆಳೆದ ಹೊಂಡಗಳು, ಅವುಗಳ ಬೆನ್ನಿಗೇ ಗಾಜಿನ ಕಟ್ಟಡಗಳು. ಗುಡ್ಡವೆಂಬುದು ಕಣ್ಣಿಗೆ ಬೀಳುವುದೇ ಇಲ್ಲ. ಅರ್ಧ ಗಂಟೆಗೆ ಕೊನೆಯ ನಿಲ್ದಾಣ, ಫಾಯಾ ಥಾಯ್. ಎಸಿ ಬೋಗಿಯಿಂದ ಹೊರಗೆ ಕಾಲಿಟ್ಟರೆ ಸಾಕು, ಹಬೆ ಮುಖಕ್ಕೆ ರಾಚಿ ಕನ್ನಡಕ ಮಸುಕಾಗುತ್ತದೆ. ಕೆಳಗಿನ ರಸ್ತೆಯಲ್ಲಿ ಗುಲಾಬಿ ಟ್ಯಾಕ್ಸಿಗಳು, ಹಸಿರು-ಹಳದಿ ಟ್ಯಾಕ್ಸಿಗಳು ಒಂದರ ಬೆನ್ನಿಗೆ ಇನ್ನೊಂದು ಮೂತಿಯಿಟ್ಟು ನಿಂತಿವೆ. ಸಿಗ್ನಲ್ ಹಸಿರಾದರೂ ಯಾವುದೂ ಅಲ್ಲಾಡುತ್ತಿಲ್ಲ. ಹಾರ್ನ್ ಒತ್ತುವವರೂ ಇಲ್ಲ.

ಚೀಲ ಬೆನ್ನಿಗೇರಿಸಿ ದಕ್ಷಿಣಕ್ಕೆ ನಡೆಯುತ್ತೇನೆ. ಆನೆಯ ತಲೆ ಕೆತ್ತಿದ ಹುವಾ ಚಾಂಗ್ ಸೇತುವೆಯ ಪಕ್ಕ ಮೆಟ್ಟಿಲಿಳಿದರೆ ಸ್ಯಾನ್ ಸ್ಯಾಪ್ ಕಾಲುವೆ. ಕಪ್ಪು ನೀರು, ಮೂಗಿಗೆ ಅಡರುವ ಕೊಳಚೆ ವಾಸನೆ. ಕಚೇರಿಗೆ ಹೊರಟ ಹುಡುಗಿಯರು ಮಾತ್ರ ಇಸ್ತ್ರಿ ಮಾಡಿದ ಅಂಗಿಯಲ್ಲಿ ನಿರಾಳವಾಗಿ ನಿಂತಿದ್ದಾರೆ. ಉದ್ದನೆಯ ದೋಣಿ ಗುಡುಗುತ್ತಾ ಬಂದು ಜೆಟ್ಟಿಯ ಟೈರುಗಳಿಗೆ ಒರಗುತ್ತದೆ. ಪೂರ್ತಿ ನಿಲ್ಲುವುದಿಲ್ಲ, ಹಗ್ಗ ಹಿಡಿದು ಜಿಗಿಯಬೇಕು. ಕೂತ ತಕ್ಷಣ ಅಂಚಿನಲ್ಲಿದ್ದವರು ಹಗ್ಗ ಜಗ್ಗಿ ನೀಲಿ ಟಾರ್ಪಾಲು ಮೇಲೆತ್ತುತ್ತಾರೆ, ಎದುರು ದೋಣಿಯ ನೀರು ಎರಚದಂತೆ. ಹೆಲ್ಮೆಟ್ ಹಾಕಿದ ಕಂಡಕ್ಟರ್ ದೋಣಿಯ ಹೊರ ಅಂಚಿನಲ್ಲೇ ನಡೆದು ಬಂದು ಕೈ ಚಾಚುತ್ತಾನೆ. "ಫಾನ್ ಫಾ" ಎನ್ನುತ್ತೇನೆ. ಚಿಲ್ಲರೆ ಕೊಟ್ಟು, ತೆಳ್ಳನೆಯ ಚೀಟಿ ಹರಿದು, ತಗ್ಗು ಸೇತುವೆ ಬರುತ್ತಿದ್ದಂತೆ ತಲೆ ತಗ್ಗಿಸುತ್ತಾನೆ. ದೋಣಿಯ ಚಾವಣಿಯೂ ಕೆಳಗಿಳಿಯುತ್ತದೆ.

ದೊರೆ ಮೂರನೆಯ ರಾಮನ ಕಾಲದಲ್ಲಿ, 1837ರಲ್ಲಿ ಈ ಕಾಲುವೆ ತೋಡಲು ಶುರುಮಾಡಿದ್ದು ಪೂರ್ವದ ಯುದ್ಧಕ್ಕೆ ಸೈನ್ಯ ಸಾಗಿಸಲು. ಈಗ ದಡದಲ್ಲಿ ಒಣಗುವ ಬಟ್ಟೆ, ತಗಡಿನ ಡಬ್ಬಿಯಲ್ಲಿ ಬೆಳೆದ ಮೆಣಸಿನ ಗಿಡ. ಬಲಗಡೆಯ ಬಾನ್ ಖ್ರುವಾ ಚಾಮ್ ಮುಸ್ಲಿಮರ ಕೇರಿ, ರೇಷ್ಮೆ ನೇಕಾರರದು. ಅವರ ನೇಯ್ಗೆಯನ್ನು ಜಗತ್ತಿಗೆ ಮಾರಿದ ಅಮೆರಿಕದ ಜಿಮ್ ಥಾಂಪ್ಸನ್ ಮನೆ ಕಟ್ಟಿಕೊಂಡದ್ದು ಎದುರು ದಡದಲ್ಲೇ. 1967ರಲ್ಲಿ ಮಲೇಷ್ಯಾದ ಕ್ಯಾಮರಾನ್ ಹೈಲ್ಯಾಂಡ್ಸ್‌ನಲ್ಲಿ ಕಣ್ಮರೆಯಾದ ಆತ ಮತ್ತೆ ಸಿಗಲೇ ಇಲ್ಲ.

ಫಾನ್ ಫಾ ಕಟ್ಟಕಡೆಯ ಜೆಟ್ಟಿ. ತಲೆಯೆತ್ತಿದರೆ, ಗುಡ್ಡವೇ ಇಲ್ಲದ ಊರಿನಲ್ಲಿ ಒಂದು ಗುಡ್ಡ! ಅದರ ನೆತ್ತಿಯಲ್ಲಿ ಚಿನ್ನದ ಸ್ತೂಪ. ಮೂರನೆಯ ರಾಮ ಇಲ್ಲಿ ಭಾರಿ ಸ್ತೂಪವೊಂದನ್ನು ಕಟ್ಟಿಸಹೊರಟ. ಕೆಸರು ನೆಲ ತಡೆಯಲಿಲ್ಲ, ಕಟ್ಟಿದ್ದು ಕುಸಿಯಿತು. ಆ ಇಟ್ಟಿಗೆ ಮಣ್ಣಿನ ರಾಶಿಯನ್ನೇ ಮುಂದಿನ ದೊರೆಗಳು ಗುಡ್ಡವಾಗಿಸಿದರು. ಸುರುಳಿ ಮೆಟ್ಟಿಲು ಹತ್ತುತ್ತಾ, ದಾರಿಯ ಗಂಟೆಗಳನ್ನು ಬಾರಿಸುತ್ತಾ ಮೇಲೆ ಬಂದರೆ ಗಾಳಿ ಬೀಸುತ್ತದೆ. ಸ್ತೂಪದೊಳಗಿರುವ ಬುದ್ಧನ ಅಸ್ಥಿಯ ಅವಶೇಷ ನಮ್ಮ ಉತ್ತರ ಪ್ರದೇಶದ ಪಿಪ್ರಾಹ್ವಾದ್ದು. 1898ರಲ್ಲಿ ಅಲ್ಲಿ ಅಗೆದಾಗ ಸಿಕ್ಕಿದ್ದನ್ನು ಬ್ರಿಟಿಷ್ ಸರ್ಕಾರ ದೊರೆ ಚುಲಾಲಾಂಗ್‌ಕಾರ್ನ್‌ಗೆ ಕೊಟ್ಟಿತು. ನನ್ನ ಪಕ್ಕದ ಅಜ್ಜಿ ಊದುಬತ್ತಿ ಹಿಡಿದು ಕಣ್ಣು ಮುಚ್ಚಿದ್ದಾರೆ. ಮೊಮ್ಮಗ ಅವರ ಸೆರಗಿಲ್ಲದ ಭುಜಕ್ಕೆ ಜೋತು ಫೋನ್ ಕೇಳುತ್ತಿದ್ದಾನೆ.

ಮಧ್ಯಾಹ್ನ ವಾಟ್ ಫೋ ದೇವಾಲಯದಲ್ಲಿ ಮಲಗಿದ ಬುದ್ಧನ ತಲೆಯಿಂದ ಪಾದದವರೆಗೆ 46 ಮೀಟರ್ ನಡೆದು, ಹಿಂಬದಿಯ 108 ಕಂಚಿನ ಬಟ್ಟಲುಗಳಿಗೆ ನಾಣ್ಯ ಬೀಳುವ ಟಿಣ್‌ಟಿಣ್ ಕೇಳಿ, ಥಾ ತಿಯೆನ್ ಕಡವಿಗೆ ಬರುತ್ತೇನೆ. ಎದುರಿಗೆ ಚಾವೊ ಫ್ರಾಯಾ. ಅಂತರಗಂಗೆಯ ಹಸಿರು ಗುಪ್ಪೆಗಳು ಹೊಳೆಯುದ್ದಕ್ಕೂ ತೇಲುತ್ತಿವೆ. ಒಂದು ಪುಟ್ಟ ಟಗ್ ದೋಣಿ ಹೊಟ್ಟೆ ತುಂಬಿದ ಮೂರು ಬಾರ್ಜ್‌ಗಳನ್ನು ಎಳೆದೊಯ್ಯುತ್ತಿದೆ.

ಕಡವು ದೋಣಿ ದಾಟಿದರೆ ವಾಟ್ ಅರುಣ್. ದೂರದಿಂದ ಬೂದು ಕಲ್ಲಿನ ಗೋಪುರ. ಹತ್ತಿರ ಹೋದಂತೆ ಅದು ಹೂವಾಗಿ ಒಡೆಯುತ್ತದೆ. ಪ್ರತಿ ಎಸಳೂ ಒಡೆದ ಚೀನಿ ಪಿಂಗಾಣಿಯ ಚೂರು, ನಡುನಡುವೆ ಚಿಪ್ಪು. ಬಾಡಿಗೆಯ ಜರತಾರಿ ಉಟ್ಟ ಪ್ರವಾಸಿಗರು ಮೆಟ್ಟಿಲ ಮೇಲೆ ಫೋಟೋಕ್ಕೆ ನಿಂತಿದ್ದಾರೆ. ನನ್ನ ಕಾಲು ನಿಲ್ಲುವುದು ದೀಕ್ಷಾಮಂದಿರದ ಬಾಗಿಲಲ್ಲಿ. ಗದೆ ಊರಿದ ಇಬ್ಬರು ದೈತ್ಯರು: ಬಿಳಿಯವನು ಸಹಸ್ಸತೇಜ, ಹಸಿರಿನವನು ಥೊಸಕಾನ್, ಅಂದರೆ ರಾವಣ. ನಮ್ಮಲ್ಲಿ ಲಂಕೆಯಲ್ಲಿ ಸತ್ತವನಿಗೆ ಇಲ್ಲಿ ಬುದ್ಧನ ಬಾಗಿಲು ಕಾಯುವ ಕೆಲಸ ಸಿಕ್ಕಿದೆ. ಕೋರೆಹಲ್ಲು, ಉರುಟು ಕಣ್ಣು, ಕಿರೀಟದಲ್ಲಿ ಸುತ್ತುಸುತ್ತಾಗಿ ಏರಿದ ಪುಟ್ಟ ತಲೆಗಳು. ಯಕ್ಷಗಾನದ ಬಣ್ಣದ ವೇಷ ಕಂಡವರ ಕಿವಿ ಚೆಂಡೆಗೆ ಕಾಯದೆ ಇರದು.

ಕೇಸರಿ ಬಾವುಟದ ದೋಣಿ ಹಿಡಿದು ದಕ್ಷಿಣಕ್ಕೆ ಹೊರಡುತ್ತೇನೆ. ಹಿಂದೆ ನಿಂತ ಹುಡುಗ ಸಿಳ್ಳೆಯಲ್ಲೇ ಚಾಲಕನಿಗೆ ಹೇಳುತ್ತಾನೆ: ಇನ್ನಷ್ಟು ಹಿಂದೆ, ಸಾಕು, ಹೊರಡು. ಟಿಕೆಟ್ ಕೊಡುವಾಕೆ ತಗಡಿನ ಕೊಳವೆ ಕಟಕಟ ಆಡಿಸುತ್ತಾ ಬರುತ್ತಾಳೆ. ಭಿಕ್ಷುಗಳಿಗೆ ಬಿಟ್ಟ ಜಾಗದಲ್ಲಿ ಒಬ್ಬ ಎಳೆಯ ಭಿಕ್ಷು ತೂಕಡಿಸುತ್ತಿದ್ದಾನೆ. ದೇವಾಲಯ, ಮಸೀದಿ, ಚರ್ಚು, ಹಳೆಯ ಗೋದಾಮು, ಎಲ್ಲವೂ ಹೊಳೆಯತ್ತ ಮುಖ ಮಾಡಿವೆ.

ಓರಿಯೆಂಟಲ್ ಜೆಟ್ಟಿಯಲ್ಲಿ ಇಳಿದು ಓಣಿ ದಾಟಿದರೆ ಚರೋನ್ ಕ್ರುಂಗ್ ರಸ್ತೆ, ಸಂಜೆಯ ದಟ್ಟಣೆಯಲ್ಲಿ ಸಿಕ್ಕಿಕೊಂಡಿದೆ. ಕುದುರೆ ಗಾಡಿ ಓಡಿಸಲು ದಾರಿಯಿಲ್ಲ, ಆರೋಗ್ಯ ಕೆಡುತ್ತಿದೆ ಎಂದು ಪಾಶ್ಚಾತ್ಯ ಕಾನ್ಸುಲ್‌ಗಳು ದೊರೆ ಮಾಂಗ್‌ಕುಟ್‌ಗೆ ದೂರಿದ ಮೇಲೆ ಹುಟ್ಟಿದ್ದು ಇದು, 1864ರಲ್ಲಿ ತೆರೆಯಿತು. ಹೊಸ ಬಗೆಯಲ್ಲಿ ಕಟ್ಟಿದ ಊರಿನ ಮೊದಲ ರಸ್ತೆ ಇದೇ. ಆಮೇಲೆ ಎಷ್ಟೋ ಕಾಲುವೆಗಳನ್ನು ಮುಚ್ಚಿ ರಸ್ತೆ ಮಾಡಿದರು. ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ನಿಂತು ಬಸ್ಸಿಗೆ ಕಾಯುವ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಟುಕ್‌ಟುಕ್‌ನವನು ಎರಡು ಬೆರಳೆತ್ತಿ ಇನ್ನೂರು ಬಾತ್ ಎನ್ನುತ್ತಾನೆ. ನೂರಕ್ಕೆ ಕೇಳಿದರೆ ನಕ್ಕು, ಮುಂದೆ ನಿಂತ ವಾಹನಗಳ ಸಾಲು ತೋರಿಸುತ್ತಾನೆ. ಅವನ ಲೆಕ್ಕ ಸರಿಯಾಗಿದೆ. ಅಲ್ಲಾಡದ ದಾರಿಗೂ ಹೊತ್ತು ಹಿಡಿಯುತ್ತದೆ. ಬ್ಯಾಂಕಾಕಿಗೆ ಹೊರಟವರಿಗೆ ನಾನು ಹೇಳುವುದಿಷ್ಟು: ಕೋಣೆ ಕಾಯ್ದಿರಿಸುವಾಗ ಮೆಟ್ರೋ ಎಷ್ಟು ಹತ್ತಿರ ಎಂದು ಎಲ್ಲರೂ ಕೇಳುತ್ತಾರೆ. ಜೆಟ್ಟಿ ಎಷ್ಟು ಹತ್ತಿರ ಎಂದು ಮೊದಲು ಕೇಳಿ. ರಸ್ತೆ ಈ ಊರಿನ ಹಿತ್ತಿಲು, ಹೆಬ್ಬಾಗಿಲಿರುವುದು ನೀರಿನ ಕಡೆಗೆ.