ಕಡಲಾಚೆಯಿಂದ ಬಂದ ಕಾಣಿಕೆ

ಕಾರ್ತಿಕ ಮಾಸದಲ್ಲಿ ಬಂಧುಗಳ ಭೇಟಿಗೆಂದು ನಾವು ದಂಪತಿಗಳು ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿಗಳ ಕಡೆಗೆ ಹೊರಟೆವು. ಕೃಷ್ಣೆ, ಘಟಪ್ರಭೆಯರ ನೀರುಂಡ ಸೀಮೆ. ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು. ಆದರೆ ಮನೆಮನೆಯಲ್ಲಿ ನಮ್ಮ ಕಣ್ಣಿಗೆ ಬಿದ್ದದ್ದು ಬೇರೊಂದು: ಪರದೇಶದಲ್ಲಿರುವ ಮಕ್ಕಳು ಅಕ್ಕರೆಯಿಂದ ಹೊತ್ತು ತಂದ ವಿದ್ಯುತ್ ಉಪಕರಣಗಳು.

ಬೀಳಗಿಯ ನಂಟರ ಮನೆಯಲ್ಲಿ ಅಮೆರಿಕೆಯ ಲ್ಯಾಪ್‌ಟಾಪ್ ನಿರಾತಂಕವಾಗಿ ನಡೆದಿತ್ತು. ಅದರ ಚಾರ್ಜರಿನ ಮೇಲೆ 100ರಿಂದ 240 ವೋಲ್ಟ್, 50/60 ಹರ್ಟ್ಸ್ ಎಂದು ಅಚ್ಚಾಗಿತ್ತು. ಮುಧೋಳದಲ್ಲಿ ದುಬೈಯಿಂದ ಬಂದ ಮಿಕ್ಸರ್. ಅಲ್ಲಿನ ವಿದ್ಯುತ್ತು ಹೆಚ್ಚುಕಡಿಮೆ ನಮ್ಮದೇ. ಪ್ಲಗ್ಗಿನ ಕಡ್ಡಿಗಳು ಮಾತ್ರ ಚಪ್ಪಟೆ. ಆದ್ದರಿಂದ ಮನೆಯವರು ಪ್ಲಗ್ಗನ್ನೇ ಕತ್ತರಿಸಿ, ಬರಿಯ ತಂತಿಗಳನ್ನು ಬೆಂಕಿಕಡ್ಡಿಗಳಿಂದ ಸಾಕೆಟ್ಟಿಗೆ ಸಿಕ್ಕಿಸಿದ್ದರು! ಅಂಗಡಿಯಲ್ಲಿ ಸುಲಭವಾಗಿ ಸಿಗುವ ಮೂರು ಕಡ್ಡಿಯ ಪ್ಲಗ್ಗಿಗೆ ಜಿಪುಣತನ ಮಾಡಬಾರದೆಂದು ಗದರಿಸಿಯೇ ಬಂದೆವು.

ಜಮಖಂಡಿಯಲ್ಲಿ ನಮ್ಮ ಚಿಕ್ಕಮ್ಮನವರು ಒಬ್ಬರೇ ಇರುತ್ತಾರೆ. ಮೊಣಕಾಲು ನೋವಿಗೆ ಕಾವು ಕೊಡುವ ವಿದ್ಯುತ್ ಪಟ್ಟಿಯೊಂದನ್ನು ಅಮೆರಿಕೆಯಲ್ಲಿರುವ ಮಗ ತಂದುಕೊಟ್ಟಿದ್ದ. ಜೊತೆಗೆ ನಮ್ಮ ಸಾಕೆಟ್ಟಿಗೆ ಹೊಂದುವ ಅಡಾಪ್ಟರನ್ನೂ ಕೊಟ್ಟಿದ್ದ. ಪಟ್ಟಿಯನ್ನು ನೋಡಬೇಕೆಂದಾಗ ಚಿಕ್ಕಮ್ಮನವರು ಬಾಗಿಲು ಮುಂದೆ ಮಾಡಿ, ಟ್ರಂಕಿನ ತಳದಿಂದ ತೆಗೆದರು. ನಡುವೆ ಅಂಗೈಯಗಲ ಸುಟ್ಟು ಕರಕಾಗಿತ್ತು.

"ಅಂವಗ ಹೇಳಬ್ಯಾಡ್ರಪಾ, ಮನಸ್ಸಿಗೆ ಹಚ್ಕೋತಾನ. ಪ್ರತಿ ರವಿವಾರ ಫೋನ್ ಮಾಡಿ ಕೇಳ್ತಾನ, ಭಾಳ ಆರಾಮ ಅನಸ್ತದ ಅಂತ ಹೇಳೇನಿ" ಎಂದರು.

ನಾವೂ ಆಗಲಿ ಎಂದು ಮಾತು ಕೊಟ್ಟೆವು.

ಬನಹಟ್ಟಿಯಲ್ಲಿ ಇಳಿದುಕೊಂಡದ್ದು ನೇಕಾರ ಬಂಧುವೊಬ್ಬರ ಮನೆಯಲ್ಲಿ. ಮಗ್ಗಗಳ ಸದ್ದಿನ ನಡುವೆಯೇ ಆ ಸಂಗತಿ ತಿಳಿಸಿದಾಗ ಅವರು ನಕ್ಕು, ಅಡಾಪ್ಟರ್ ಕಡ್ಡಿಗಳ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟನ್ನಲ್ಲ ಎಂದರು. ಅಮೆರಿಕೆಯದು 120 ವೋಲ್ಟ್, ನಮ್ಮದು 230. ವೋಲ್ಟ್ ಇಮ್ಮಡಿಯಾದರೆ ಕಾಯುವ ತಂತಿಯ ಶಾಖ ನಾಲ್ಮಡಿ. ಪಟ್ಟಿ ಸುಡದೆ ಇನ್ನೇನು? ಹಾಗಾದರೆ ವೋಲ್ಟ್ ಇಳಿಸುವ ಟ್ರಾನ್ಸ್‌ಫಾರ್ಮರ್ ಸಾಕಲ್ಲವೇ ಎಂದು ಕೇಳಿದೆವು. ಕಾವಿನ ಪಟ್ಟಿಗೆ ಸಾಕು, ಅದೂ ಅದರ ವ್ಯಾಟ್ ತಾಳುವಂಥದಾದರೆ, ಎಂದವರೇ ಗೋಡೆಯತ್ತ ಕೈ ತೋರಿದರು. ಅಲ್ಲೊಂದು ಹಳೆಯ ಅಮೆರಿಕದ ವಿದ್ಯುತ್ ಗಡಿಯಾರ, ಟ್ರಾನ್ಸ್‌ಫಾರ್ಮರಿಗೇ ಜೋಡಿಸಿದ್ದು. ಆದರೂ ಗಂಟೆಗೆ ಹತ್ತು ನಿಮಿಷ ಹಿಂದೆ! ಅದು ಸೆಕೆಂಡಿಗೆ 60 ಆವರ್ತನೆಗಳ ಲೆಕ್ಕದಲ್ಲಿ ಓಡುವ ಯಂತ್ರ, ನಮ್ಮಲ್ಲಿ ಸಿಗುವುದು 50. ಟ್ರಾನ್ಸ್‌ಫಾರ್ಮರ್ ಇದನ್ನು ತಿದ್ದದು. ಮಗ್ಗದ ಮೋಟಾರಿನೊಡನೆ ಬಾಳಿದವರಿಗೆ ಇದು ಅಂಗೈಮೇಲಿನ ಗೆರೆಯಂತೆ ಸ್ಪಷ್ಟ.

ರಾತ್ರಿ ಊಟದ ಹೊತ್ತಿಗೆ ನಮ್ಮ ಮನೆಯವರು ಮತ್ತೊಂದು ವಿಷಯ ನೆನಪಿಸಿದರು. ಮುಂದಿನ ಸಲ ಬರುವಾಗ ಹುಡುಗ ತನ್ನ ಅತ್ತೆಯವರಿಗೂ ಅಂಥದೇ ಪಟ್ಟಿ ತರುವನೆಂದು ಚಿಕ್ಕಮ್ಮನವರು ಹೆಮ್ಮೆಯಿಂದ ಹೇಳಿದ್ದರಂತೆ. ನಮಗೆ ತುತ್ತು ಇಳಿಯಲಿಲ್ಲ. ಆ ಮುದುಕಿ ಪಟ್ಟಿ ಕಟ್ಟಿಕೊಂಡು ನಿದ್ದೆ ಹೋದರೆ?

ಕೊಟ್ಟ ಮಾತನ್ನು ಮುರಿದು ಅಂದೇ ಫೋನ್ ಮಾಡಿದೆವು. ಎಲ್ಲವನ್ನೂ ಕೇಳಿ ಹುಡುಗ ಬಹಳ ಹೊತ್ತು ಮೌನವಾಗಿದ್ದ. ಆಮೇಲೆ, "ಅಣ್ಣಾ, ಅವ್ವನ ಕಾಲು ಸುಟ್ಟಿಲ್ಲಲ್ಲ? ನೀ ಕಣ್ಣಾರೆ ನೋಡಿಯೇನು?" ಎಂದ.

ನಾವು ನೋಡಿರಲಿಲ್ಲ. ಮರುದಿನ ಮುಂಜಾನೆ ಮೊದಲ ಬಸ್ಸಿಗೇ ಜಮಖಂಡಿಗೆ ಹಿಂದಿರುಗಿದೆವು.