ವೈರು ಚುಚ್ಚುವವನೂ ಸಂಗೀತಗಾರನೇ!

'ಇದೂ ಒಂದು ಸಂಗೀತವೇನ್ರೀ? ಬರೀ ಮಿಷನ್ ಸದ್ದು!' ಅಂತ ಮೂಗು ಮುರಿಯುವವರು ಎಲ್ಲೆಡೆಯೂ ಇದ್ದಾರೆ. 1956ರಲ್ಲಿ ಬಂದ ಹಾಲಿವುಡ್ ಚಿತ್ರ 'ಫರ್ಬಿಡನ್ ಪ್ಲಾನೆಟ್' ನೆನಪಿಸಿಕೊಳ್ಳಿ. ಬೀಬಿ ಬ್ಯಾರನ್, ಲೂಯಿ ಬ್ಯಾರನ್ ದಂಪತಿಗಳು ಪಿಟೀಲು, ಡ್ರಮ್ಮು ಒಂದೂ ಇಲ್ಲದೆ, ತಾವೇ ಕಟ್ಟಿದ ಸರ್ಕ್ಯೂಟುಗಳಿಂದ ಹಿನ್ನೆಲೆ ಪೂರ್ತಿ ಮಾಡಿಕೊಟ್ಟರು. ಟೈಟಲ್ಲಿನಲ್ಲಿ ಅವರಿಗೆ ಸಿಕ್ಕಿದ್ದೇನು? 'ಸಂಗೀತ' ಎಂಬ ಪದ ಮಾಯ! 'ಎಲೆಕ್ಟ್ರಾನಿಕ್ ಟೊನ್ಯಾಲಿಟೀಸ್' ಅಂತ ಹಾಕಿದರು. ಇಬ್ಬರೂ ಸಂಗೀತಗಾರರ ಯೂನಿಯನ್ನಿನ ಸದಸ್ಯರಲ್ಲ, ತಕರಾರು ಎದ್ದೀತೆಂಬ ಅಂಜಿಕೆ.

ಪಿಯುಸಿ ಬಿಟ್ಟು ಪೆನ್ನು ಹಿಡಿದ ನನಗೆ ಈ ಸಂಗತಿ ಚುರುಕ್ಕೆನ್ನುತ್ತೆ. ಕಾಗದ ತೋರಿಸಿದವನಷ್ಟೇ ಕಲಾವಿದನೇ?

ಮೊನ್ನೆ ಗೆಳೆಯನೊಬ್ಬನ ರೂಮಿನಲ್ಲಿ ಮಾಡ್ಯುಲರ್ ಸಿಂಥಸೈಜರ್ ನೋಡಿದೆ. ಹಾರ್ಮೋನಿಯಂ ಥರ ಮನೆಗಳಿಲ್ಲ. ಬರೀ ತಿರುಪು, ತೂತು, ಬಣ್ಣಬಣ್ಣದ ವೈರು. ಅದರಲ್ಲೊಂದು ಡಬ್ಬಿಯ ಹೆಸರು 'ಕ್ಲೌಡ್ಸ್'. ಫ್ರಾನ್ಸಿನ ಎಮಿಲಿ ಜಿಲೆ ಎಂಬಾಕೆ 2014ರಲ್ಲಿ ಹೊರತಂದದ್ದು. ಒಳಗಿರುವ ಚಿಪ್ಪು, ಬಂದ ಸದ್ದನ್ನು ಅಂಕಿಗಳಾಗಿಸಿ ಕೆಲವೇ ಸೆಕೆಂಡು ನೆನಪಿಟ್ಟುಕೊಂಡು, ಅಕ್ಕಿನುಚ್ಚಿನ ಹಾಗೆ ಪುಡಿ ಮಾಡಿ ಎರಚುತ್ತೆ!

ಗೆಳೆಯ ಮೆಜೆಸ್ಟಿಕ್ಕಿನಲ್ಲಿ ರೆಕಾರ್ಡ್ ಮಾಡಿದ್ದ ಕಂಡಕ್ಟರ್ ಸೀಟಿಯನ್ನು ಒಳಕ್ಕೆ ಬಿಟ್ಟ. 'ಫ್ರೀಜ್' ಒತ್ತಿದ. ಸೀಟಿ ಒಳಗೇ ಸಿಕ್ಕಿಬಿತ್ತು. ಇನ್ನೊಂದು ಡಬ್ಬಿಯಿಂದ ನಿಧಾನಕ್ಕೆ ಏರಿಳಿಯುವ ವೋಲ್ಟೇಜನ್ನು ತಂದು 'ಪೊಸಿಷನ್' ತೂತಿಗೆ ಚುಚ್ಚಿದ. ಸೀಟಿಯ ಯಾವ ಜಾಗದಿಂದ ನುಚ್ಚು ಹೆಕ್ಕಬೇಕು ಅನ್ನೋದನ್ನ ಇನ್ನು ಆ ವೋಲ್ಟೇಜೇ ತೀರ್ಮಾನಿಸುತ್ತೆ. ಆಮೇಲೆ ಶ್ರುತಿ ಇಳಿಸಿದ. ಅಬ್ಬಾ! ನಡುರಾತ್ರಿ ಪಾಳುಮನೆಯಲ್ಲಿ ಯಾರೋ ನರಳಿದಂತೆ... ಮೈ ಜುಂ ಎಂದಿತು.

'ಇದರಲ್ಲಿ ನಿನ್ನದೆಷ್ಟು, ಚಿಪ್ಪಿನದೆಷ್ಟು?' ಎಂದೆ.

'ನೀನೇ ಚುಚ್ಚಿ ನೋಡು ಗುರೂ' ಅಂತ ವೈರು ಕೈಗಿಟ್ಟ.

ಅರ್ಧ ಗಂಟೆ ಚುಚ್ಚಿದೆ. ಬಂದದ್ದು ಗೊರಗೊರ! ಅದೇ ಡಬ್ಬಿ, ಅದೇ ಸೀಟಿ. ಅವನ ಕಿವಿ ನನಗಿರಲಿಲ್ಲ, ಅಷ್ಟೇ. ವೈರು ಕಿತ್ತರೆ ಆ ನರಳಾಟ ಹೋಯಿತು. ಮತ್ತೆ ತರಬೇಕಾದರೂ ಅವನೇ ಬೇಕು.

ಜಿಲೆ ಆ ಚಿಪ್ಪಿನ ಪ್ರೋಗ್ರಾಮನ್ನು ಯಾರು ಬೇಕಾದರೂ ತಿದ್ದಿಕೊಳ್ಳಲಿ ಅಂತ ಬಿಟ್ಟುಕೊಟ್ಟರು. ತಿದ್ದಿ ಹೊಸ ಹೊಸ ಗುಣ ತುಂಬಿದವರೂ ಇದ್ದಾರೆ. ಸರ್ಟಿಫಿಕೇಟ್ ಕೇಳುವ ಗೋಜೇ ಇಲ್ಲ!

ಮಿತ್ರರೇ, ಮುಂದಿನ ಸಲ ಥಿಯೇಟರಿನಲ್ಲಿ ಯಾವ ವಾದ್ಯದ್ದೆಂದು ತಿಳಿಯದ ಸದ್ದೊಂದು ನಿಮ್ಮ ಎದೆ ಹಿಂಡಿದರೆ, 'ಶುಭಂ' ಆಗುತ್ತಲೇ ಬಾಗಿಲಿಗೆ ಓಡಬೇಡಿ. ಕೊನೆಯ ಹೆಸರು ಮೇಲೇರುವ ತನಕ ಕೂತಿರಿ. ಬ್ಯಾರನ್ ದಂಪತಿಗಳಿಗೆ ಟೈಟಲ್ಲು ಕೊಡದ ಪದವನ್ನು ನೀವಾದರೂ ಕೊಡಿ.