ಪಡುವನಾಡಿನ ಲೀಗು ಪಂದ್ಯಗಳು

ಪಡುವನಾಡು ಎಂಬ ದೇಶವನ್ನು ಭೂಪಟದಲ್ಲಿ ಹುಡುಕಬೇಡಿರಿ. ಅದು ಮುಂಬಯಿಯ ಪಶ್ಚಿಮಕ್ಕೆ, ನಮ್ಮ ಶಾಲೆಯ ಮೂರನೆಯ ಮಾಳಿಗೆಯ ಕಿಟಕಿಯಿಂದ ಕಾಣುತ್ತಿದ್ದ ಸಮುದ್ರದ ಗೆರೆಯ ಆಚೆಗೆ ಇದ್ದಿತು. ೧೯೭೩ನೆಯ ಇಸವಿಯ ಮಳೆಗಾಲದಲ್ಲಿ, ಆಟದ ಬಯಲಿನಲ್ಲಿ ಮೊಳಕಾಲುದ್ದ ನೀರು ನಿಂತು ಹೊರಗೆ ಕಾಲಿಡುವ ಮಾರ್ಗವೇ ಇಲ್ಲದಿದ್ದಾಗ, ಏಳನೆಯ ಇಯತ್ತೆಯ ನಾವು ಎಂಟು ಮಂದಿ ಅದನ್ನು ಸ್ಥಾಪಿಸಿದೆವು. ಆ ದೇಶಕ್ಕೆ ಅರಸನಿರಲಿಲ್ಲ, ಸೈನ್ಯವಿರಲಿಲ್ಲ, ನಾಣ್ಯವೂ ಇರಲಿಲ್ಲ. ಎಂಟು ಪಟ್ಟಣಗಳಿದ್ದವು, ಪಟ್ಟಣಕ್ಕೊಂದು ಕ್ರಿಕೆಟ್ ತಂಡವಿದ್ದಿತು. ಒಂದು ದೇಶಕ್ಕೆ ಇಷ್ಟು ಸಾಲದೆ ಎಂದು ಆಗ ನಮಗೆ ತೋರಿದ್ದಿತು. ಆ ಅಭಿಪ್ರಾಯವನ್ನು ಬದಲಿಸಲು ಇಂದಿಗೂ ಕಾರಣ ಕಂಡಿಲ್ಲ.

ಪಟ್ಟಣಗಳಿಗೆ ತೆಂಗಿನಪಟ್ಟಣ, ಮಳೆಬೀಡು, ದೀಪಗಿರಿ, ಕಲ್ಲುಕೋಟೆ, ಹಾಯಿಪುರ ಮೊದಲಾದ ಹೆಸರುಗಳನ್ನಿಟ್ಟೆವು. ನಿಜವಾದ ಊರುಗಳ ಹೆಸರನ್ನು ಏಕೆ ಇಡಲಿಲ್ಲವೆಂದು ನೀವು ಕೇಳಬಹುದು. ನಮ್ಮಲ್ಲಿ ಮೂವರ ಹಿರಿಯರು ಉಡುಪಿಯ ಕಡೆಯವರು, ಇಬ್ಬರದು ಕುಮಟಾ, ಉಳಿದವರದು ಧಾರವಾಡ, ವಿಜಾಪುರಗಳ ಸೀಮೆ. ಒಂದೂರಿನ ಹೆಸರಿಟ್ಟರೆ ಮತ್ತೊಂದೂರಿನವನು ಮುನಿಯುತ್ತಿದ್ದನು. ಅದಲ್ಲದೆ, “ನಿನ್ನ ಊರು ಯಾವುದು?” ಎಂದು ಯಾರಾದರೂ ಕೇಳಿದರೆ ನಾವು ಹೇಳುತ್ತಿದ್ದ ಊರುಗಳನ್ನು ನಾವೇ ಮೇ ತಿಂಗಳ ರಜೆಯಲ್ಲಿ ನಾಲ್ಕಾರು ವಾರ ಕಂಡಿದ್ದೆವು, ಅಷ್ಟೆ. ದೀಪಗಿರಿಯನ್ನಾದರೋ ದಿನವೂ ಮಧ್ಯಾಹ್ನದ ಬಿಡುವಿನಲ್ಲಿ ಕಾಣುತ್ತಿದ್ದೆವು.

ಆಟವು ಪುಸ್ತಕದ ಕ್ರಿಕೆಟ್ಟು. ಇಂದಿನ ಮಕ್ಕಳಿಗೂ ಇದು ಗೊತ್ತಿರಬಹುದು. ಗೊತ್ತಿಲ್ಲದವರಿಗಾಗಿ ಎರಡು ಮಾತು. ಪುಸ್ತಕವನ್ನು ಕಣ್ಣು ಮುಚ್ಚಿ ತೆರೆಯಬೇಕು. ಎಡಪುಟದ ಸಂಖ್ಯೆಯ ಕೊನೆಯ ಅಂಕವೇ ಓಟ. ಎರಡು, ನಾಲ್ಕು, ಆರು ಹಾಗೆಯೇ ಸಲ್ಲುತ್ತವೆ. ಎಂಟು ಬಂದರೆ ನಮ್ಮ ದೇಶದ ಕಾನೂನಿನಂತೆ ಒಂದೇ ಓಟ. ಸೊನ್ನೆ ಬಂದರೆ ಔಟ್. ಮುಂದೆ ಸಂಭಾವ್ಯತೆಯ ಪಾಠವನ್ನು ಕಲಿತಾಗ ಲೆಕ್ಕ ಹಾಕಿ ನೋಡಿದೆವು: ಐದು ಸಲ ತೆರೆದರೆ ಸರಾಸರಿ ಒಮ್ಮೆ ಸೊನ್ನೆ, ಆದುದರಿಂದ ಒಬ್ಬ ದಾಂಡಿಗನಿಗೆ ೧೩ ಓಟ, ಹತ್ತು ವಿಕೆಟ್ಟಿಗೆ ೧೩೦. ಆದರೆ ಪುಸ್ತಕಗಳು ಗಣಿತಕ್ಕೆ ಪೂರ್ತಿ ಬಗ್ಗುವುದಿಲ್ಲ. ಬಹಳ ಓದಿದ ಪುಸ್ತಕವು ತನಗೆ ಬೇಕಾದ ಪುಟಕ್ಕೇ ತೆರೆದುಕೊಳ್ಳುತ್ತದೆ. ಆದುದರಿಂದ ಪ್ರತಿಯೊಂದು ತಂಡಕ್ಕೂ ಒಂದು ಸ್ವಂತ ಪುಸ್ತಕವನ್ನು ಗೊತ್ತುಮಾಡಿ, ಅದೇ ಆ ಪಟ್ಟಣದ ಮೈದಾನವೆಂದು ಸಾರಿದೆವು. ತೆಂಗಿನಪಟ್ಟಣದ ಮೈದಾನ ಅಂಕಗಣಿತ; ಓದುವವರು ಕಡಿಮೆಯಾದುದರಿಂದ ಅದು ಅತ್ಯಂತ ನಿಷ್ಪಕ್ಷಪಾತವಾದ ಮೈದಾನವೆನಿಸಿತ್ತು. ದೀಪಗಿರಿಯದು ಕನ್ನಡ ವಾಚನ ಪುಸ್ತಕ.

ತಂಡಗಳಾದ ಮೇಲೆ ವ್ಯವಸ್ಥೆ ಬೇಕಷ್ಟೆ. ಲೀಗು ಎಂದರೆ ಎಲ್ಲರೂ ಎಲ್ಲರೊಡನೆ ಆಡುವುದು. ನಮ್ಮ ಮೈದಾನದಲ್ಲೊಮ್ಮೆ, ಅವರ ಮೈದಾನದಲ್ಲೊಮ್ಮೆ. ಎಂಟು ತಂಡಗಳಿಗೆ ೫೬ ಪಂದ್ಯಗಳು. ಕಪ್ ಪಂದ್ಯದಲ್ಲಾದರೋ ಸೋತವನು ಮನೆಗೆ ಹೋಗುತ್ತಾನೆ. ಎಷ್ಟು ತಂಡಗಳಿವೆಯೋ ಅದಕ್ಕಿಂತ ಒಂದು ಕಡಿಮೆ ಪಂದ್ಯ ಸಾಕು. ಆರನೆಯ ಇಯತ್ತೆಯ ಮೂವರು ಗೋಗರೆದುದರಿಂದ ಅವರಿಗೂ ಕಪ್ಪಿಗೆ ಪ್ರವೇಶ ಕೊಟ್ಟೆವು; ಹನ್ನೊಂದು ತಂಡಗಳಾದವು, ಹತ್ತು ಪಂದ್ಯಗಳಾದವು; ಐದು ತಂಡಗಳು ಕಂಪಾಸು ಪೆಟ್ಟಿಗೆಯಿಂದ ಚೀಟಿ ಎತ್ತಿದ ಅದೃಷ್ಟದಿಂದ ಮೊದಲ ಸುತ್ತನ್ನು ಆಡದೆ ದಾಟಿದವು. ದೀಪಗಿರಿಯವನು ಮನೆಯಿಂದ ಒಂದು ಹಿತ್ತಾಳೆಯ ಲೋಟವನ್ನು ತಂದು ಕೊಟ್ಟನು, ಅದೇ ಕಪ್. ಕನ್ನಡ ಪಂಡಿತರು ನಮ್ಮ ನೋಟುಪುಸ್ತಕದಲ್ಲಿ ‘ಕಪ್ಪು’ ಎಂದು ಬರೆದುದನ್ನು ಕಂಡು, “ಇದು ಬಣ್ಣವೋ, ಸಾಮಂತರು ಸಲ್ಲಿಸುವ ಕಪ್ಪವೋ?” ಎಂದು ಕೇಳಿ ನಕ್ಕರು, ಪುಸ್ತಕವನ್ನು ಕಸಿದುಕೊಳ್ಳಲಿಲ್ಲ.

ದೊಡ್ಡವರ ಜಗತ್ತಿನಲ್ಲಿಯೂ ಕಪ್ಪು ಮೊದಲು, ಲೀಗು ಅನಂತರ ಬಂದುವೆಂಬುದು ನಮಗೆ ಬಹಳ ಮುಂದೆ ತಿಳಿಯಿತು. ಇಂಗ್ಲೆಂಡಿನ ಫುಟ್‌ಬಾಲ್ ಕಪ್ ಪಂದ್ಯಗಳು ೧೮೭೧ರಲ್ಲಿ ಮೊದಲಾದವು. ಅವುಗಳನ್ನು ಯೋಜಿಸಿದ ಆಲ್ಕಾಕ್ ಎಂಬವರಿಗೆ ತಾವು ಕಲಿತ ಹ್ಯಾರೋ ಶಾಲೆಯ ವಸತಿಗೃಹಗಳ ನಡುವಣ ಪಂದ್ಯಗಳೇ ಪ್ರೇರಣೆಯೆಂದು ಹೇಳುತ್ತಾರೆ. ಲೀಗು ಹುಟ್ಟಿದ್ದು ೧೮೮೮ರಲ್ಲಿ, ಹನ್ನೆರಡು ಕ್ಲಬ್ಬುಗಳೊಡನೆ. ನಿಶ್ಚಯಿಸಿದ ಪಂದ್ಯಗಳು ಕಡೆಗಳಿಗೆಯಲ್ಲಿ ರದ್ದಾಗುತ್ತಿದ್ದುದರಿಂದ ಬೇಸತ್ತ ಮ್ಯಾಕ್‌ಗ್ರೆಗರ್ ಎಂಬವರು, ವರ್ಷಾರಂಭದಲ್ಲೇ ಗೊತ್ತಾದ ಪಂದ್ಯಗಳ ಪಟ್ಟಿಯೊಂದಿರಬೇಕೆಂದು ಹಟ ಹಿಡಿದ ಫಲ ಅದು. ಇನ್ನು ಇಲ್ಲದ ಲೀಗನ್ನು ಕಾಗದದ ಮೇಲೆ ನಡೆಸಿದವರಲ್ಲಿಯೂ ನಾವೇ ಮೊದಲಿಗರಲ್ಲ. ಅಮೆರಿಕದ ಕಾದಂಬರಿಕಾರ ಜ್ಯಾಕ್ ಕೆರುವಾಕ್ ಬಾಲ್ಯದಲ್ಲಿಯೇ ಒಂದು ಬೇಸ್‌ಬಾಲ್ ಲೀಗನ್ನು ಕಲ್ಪಿಸಿ, ತಂಡಗಳಿಗೆ ಮೋಟಾರುಗಾಡಿಗಳ ಹೆಸರಿಟ್ಟು, ಚೀಟಿಗಳಿಂದ ಆಡಿ, ಅದಕ್ಕೆ ಸುದ್ದಿಪತ್ರಿಕೆಯನ್ನೂ ಬರೆದನು. ದೊಡ್ಡವನಾದ ಮೇಲೂ ಅದನ್ನು ಬಿಡಲಿಲ್ಲ. ಆ ಕಾಗದಗಳು ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿವೆ. ಆತನ ಮನೆಯಲ್ಲಿ ಆಡುತ್ತಿದ್ದುದು ಫ್ರೆಂಚು; ಇಂಗ್ಲಿಷನ್ನು ಕಲಿತದ್ದು ಶಾಲೆಗೆ ಹೋದ ಮೇಲೆ. ಮನೆಯಲ್ಲೊಂದು ನುಡಿ, ಬೀದಿಯಲ್ಲೊಂದು ನುಡಿಯಾಗಿ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟರವರೆಗೆ ಎಲ್ಲವೂ ಆಟ. ೧೯೭೪ರ ಜನವರಿಯಲ್ಲಿ ದೀಪಗಿರಿಯವನ ತಂದೆಯವರು ದುಡಿಯುತ್ತಿದ್ದ ಹೋಟೆಲು ಮುಚ್ಚಿತು. ಹದಿನೈದು ದಿನಗಳೊಳಗೆ ಅವನ ಮನೆಮಂದಿ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೊರಟರು. ಹೋಗುವ ಹಿಂದಿನ ದಿನ ಅವನು ಶಾಲೆಗೆ ಬಂದು ಒಂದು ಪಂದ್ಯವನ್ನು ಆಡಿ ಗೆದ್ದು, ಏನೂ ಹೇಳದೆ ಹೋದನು. ಅವನ ತಂಡವು ೧೪ ಪಂದ್ಯಗಳಲ್ಲಿ ೯ನ್ನು ಆಡಿ ಮುಗಿಸಿದ್ದಿತು. ಈಗ ಮಾಡತಕ್ಕದ್ದೇನು?

ನಮ್ಮಲ್ಲೊಬ್ಬನ ಅಣ್ಣನಿಗೆ ರದ್ದಿ ಅಂಗಡಿಯಿಂದ ಹಳೆಯ ಕ್ರೀಡಾಪತ್ರಿಕೆಗಳನ್ನು ತಂದು ಓದುವ ಅಭ್ಯಾಸ. ಅವನು ಒಂದು ಪೂರ್ವನಿದರ್ಶನವನ್ನು ತೆಗೆದು ತೋರಿಸಿದನು. ಇಂಗ್ಲೆಂಡಿನ ನಾಲ್ಕನೆಯ ದರ್ಜೆಯಲ್ಲಿದ್ದ ಆಕ್ರಿಂಗ್ಟನ್ ಸ್ಟ್ಯಾನ್ಲಿ ಎಂಬ ಕ್ಲಬ್ಬು ಸಾಲದಲ್ಲಿ ಮುಳುಗಿ ೧೯೬೨ರ ಮಾರ್ಚಿಯಲ್ಲಿ ನಡುವೆಯೇ ಲೀಗನ್ನು ಬಿಟ್ಟಿತು. ಅದು ಅಷ್ಟರಲ್ಲಿ ೩೩ ಪಂದ್ಯಗಳನ್ನು ಆಡಿದ್ದಿತು. ಲೀಗಿನವರು ಆ ಮೂವತ್ತಮೂರನ್ನೂ ಪಟ್ಟಿಯಿಂದ ತೆಗೆದುಹಾಕಿದರು. ಗೆದ್ದವರ ಗೆಲವೂ ಇಲ್ಲ, ಸೋತವರ ಸೋಲೂ ಇಲ್ಲ. (ಅದೇ ಹೆಸರಿನ ಹೊಸ ಕ್ಲಬ್ಬೊಂದು ೧೯೬೮ರಲ್ಲಿ ಹುಟ್ಟಿ, ೨೦೦೬ರಲ್ಲಿ ಲೀಗಿಗೆ ಮರಳಿತೆಂಬುದು ಆ ದಿನ ಯಾರಿಗೆ ತಿಳಿದೀತು?) ನ್ಯಾಯವಾಗಿ ನೋಡಿದರೆ ಅದು ಸರಿಯಾದ ಕ್ರಮವೇ. ಎಲ್ಲರೂ ಎಲ್ಲರೊಡನೆ ಆಡದಿದ್ದರೆ ಲೀಗಿಗೆ ಅರ್ಥವಿಲ್ಲ. ಕೆಲವರಿಗೆ ಮಾತ್ರ ದೀಪಗಿರಿಯನ್ನು ಸೋಲಿಸುವ ಅವಕಾಶ ದೊರೆತು, ಉಳಿದವರಿಗೆ ದೊರೆಯದಿರುವುದು ಅನ್ಯಾಯ.

ಆದರೆ ರಬ್ಬರನ್ನು ಕೈಗೆತ್ತಿಕೊಂಡಾಗ ಯಾರಿಗೂ ಮನಸ್ಸು ಬರಲಿಲ್ಲ. ಕಲ್ಲುಕೋಟೆಯವನು ದೀಪಗಿರಿಗೆ ಎರಡು ಸಲವೂ ಸೋತಿದ್ದನು. ಅಳಿಸಿದರೆ ಲಾಭ ಅವನಿಗೇ ಹೆಚ್ಚು. ಅವನು ವಿಜಾಪುರದ ಕಡೆಯವನು. “ಸೋತದ್ದು ಸೋತೀನೋ,” ಎಂದನು. “ಅದನ್ನ ಅಳಿಸಿದ್ರ ನಾ ಆಡೇ ಇಲ್ಲ ಅಂದಂಗ ಆಗ್ತದ. ಅಂವ ಇಲ್ಲಿ ಇದ್ದೇ ಇಲ್ಲ ಅಂದಂಗ ಆಗ್ತದ.” ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅನಂತರ, ದೀಪಗಿರಿಯ ಉಳಿದ ಪಂದ್ಯಗಳನ್ನು ಅಂಚೆಯ ಮೂಲಕ ಆಡತಕ್ಕದ್ದೆಂದು ನಿರ್ಣಯಿಸಿದೆವು. ಹೇಗೂ ಅವನು ತನ್ನ ಮೈದಾನವನ್ನು, ಎಂದರೆ ಕನ್ನಡ ವಾಚನ ಪುಸ್ತಕವನ್ನು, ಊರಿಗೆ ಕೊಂಡುಹೋಗಿದ್ದನಲ್ಲ!

ನಮ್ಮ ಓಟಗಳನ್ನು ಇನ್‌ಲ್ಯಾಂಡ್ ಪತ್ರದಲ್ಲಿ ಬರೆದು ಕಳುಹಿಸುವುದು. ಅವನು ತನ್ನಾಟವನ್ನು ಆಡಿ ಉತ್ತರ ಬರೆಯುವುದು. ಹೋಗಿಬರಲು ಎಂಟು ಹತ್ತು ದಿನ. ನೋಡಿರಿ, ಅಲ್ಲಿ ಪುಸ್ತಕವನ್ನು ತೆರೆಯುವವನು ಅವನೊಬ್ಬನೇ. ನಮ್ಮ ಮೊತ್ತವಾದರೋ ಅವನಿಗೆ ಮೊದಲೇ ಗೊತ್ತು. ಒಂದು ಸೊನ್ನೆಯನ್ನು ನಾಲ್ಕೆಂದು ಬರೆದರೆ ತಡೆಯುವವರಾರು? ಮೊದಲ ಪತ್ರ ಬಂದಾಗ ಎಲ್ಲರ ತಲೆಗಳೂ ಒಟ್ಟಿಗೆ ಬಗ್ಗಿದವು. ಒಂದೊಂದು ಪುಟದ ಸಂಖ್ಯೆಯನ್ನೂ ಸಾಲಾಗಿ ಬರೆದಿದ್ದನು. ಎಲ್ಲರೂ ಔಟ್, ೭೧. ಅವನು ಉಳಿದ ಐದು ಪಂದ್ಯಗಳಲ್ಲಿ ನಾಲ್ಕನ್ನು ಸೋತನು.

ಆ ಮಾರ್ಚಿಯಲ್ಲಿಯೇ ನಿಜವಾದ ದೇಶದ ನಿಜವಾದ ಪಂದ್ಯವೊಂದು ನಮ್ಮನ್ನು ಇಬ್ಭಾಗ ಮಾಡಿತು. ಮುಂಬಯಿ ತಂಡವು ೧೯೫೮-೫೯ರಿಂದ ಹದಿನೈದು ವರ್ಷ ಎಡೆಬಿಡದೆ ರಣಜಿ ಟ್ರೋಫಿಯನ್ನು ಗೆದ್ದಿದ್ದಿತು. ೧೯೩೪ರಲ್ಲಿ ಆ ಟ್ರೋಫಿಯ ಮೊತ್ತಮೊದಲ ಪಂದ್ಯವನ್ನು ಮದರಾಸಿನಲ್ಲಿ ಆಡಿ, ಒಂದೇ ದಿನದಲ್ಲಿ ಸೋತ ಮೈಸೂರು ತಂಡವು ಆಗಷ್ಟೆ ಕರ್ನಾಟಕವೆಂಬ ಹೊಸ ಹೆಸರನ್ನು ಪಡೆದಿದ್ದಿತು. ಬೆಂಗಳೂರಿನ ಸೆಮಿಫೈನಲಿನಲ್ಲಿ ವಿಶ್ವನಾಥ್ ೧೬೨ ಓಟ ಹೊಡೆದರು. ಪ್ರಸನ್ನರು ಗವಾಸ್ಕರರನ್ನು ಬೌಲ್ಡ್ ಮಾಡಿದರು. ವಾಡೇಕರರು ರನ್‌ಔಟ್ ಆದರು. ಮೊದಲ ಇನಿಂಗ್ಸಿನ ಮುನ್ನಡೆಯಿಂದ ಕರ್ನಾಟಕ ಗೆದ್ದಿತು, ಮುಂದೆ ಜಯಪುರದಲ್ಲಿ ರಾಜಸ್ಥಾನವನ್ನೂ ಸೋಲಿಸಿ ಮೊದಲ ಸಲ ಟ್ರೋಫಿಯನ್ನು ಎತ್ತಿತು. ನಮ್ಮ ತರಗತಿಯಲ್ಲಿ ಕುಣಿದವರೂ ಇದ್ದರು, ಊಟ ಬಿಟ್ಟವರೂ ಇದ್ದರು. ಒಬ್ಬನಂತೂ ಮೊದಲು ಕುಣಿದು ಆಮೇಲೆ ಊಟ ಬಿಟ್ಟನು. ದೀಪಗಿರಿಯಿಂದ ಬಂದ ಪತ್ರದಲ್ಲಿ ಹೀಗಿತ್ತು: “ಇಲ್ಲಿ ನನ್ನನ್ನು ಎಲ್ಲರೂ ಬೊಂಬಾಯಿ ಎಂದೇ ಕರೆಯುತ್ತಾರೆ ಮಾರಾಯ. ನಿಮ್ಮ ಗವಾಸ್ಕರ ಹೋದ ಅಂತ ತಮಾಷೆ ಮಾಡಿದರು. ನನಗೆ ಕರ್ನಾಟಕ ಗೆದ್ದದ್ದು ಖುಷಿಯೇ. ಹೇಳಿದರೆ ಯಾರೂ ನಂಬುವುದಿಲ್ಲ.”

ಪತ್ರದ ಕೆಳಗಡೆ ಕಪ್ ಸೆಮಿಫೈನಲಿನ ಲೆಕ್ಕವಿತ್ತು. ಹಾಯಿಪುರದ ಮೇಲೆ ಅವನು ಗೆದ್ದಿದ್ದನು, ೧೫೨ಕ್ಕೆ ೧೪೪. ಫೈನಲಿನಲ್ಲಿ ಮಳೆಬೀಡಿನ ಮೊತ್ತ ೧೧೮. ಪರೀಕ್ಷೆಗಳೆಲ್ಲ ಮುಗಿದು, ರಜೆಗೆ ಊರಿಗೆ ಹೊರಡುವ ಗಡಿಬಿಡಿಯಲ್ಲಿ ಕೊನೆಯ ಪತ್ರ ಬಂದಿತು. ಅರವತ್ತನೆಯ ಪುಟವು ಒಂದರ ಹಿಂದೊಂದು ಮೂರು ಸಲ ತೆರೆದುಕೊಂಡಿತ್ತು. ಎಲ್ಲರೂ ಔಟ್, ೯೩.

ಲೋಟವು ಈಗಲೂ ಮಳೆಬೀಡಿನವನ ಮನೆಯಲ್ಲಿದೆ. ಅದರ ಕಂಠದ ಸುತ್ತ ಚುಕ್ಕೆಚುಕ್ಕೆಯಾಗಿ ಕೊರೆಸಿದ ಹೆಸರು ದೀಪಗಿರಿಯವನ ಅಜ್ಜಿಯದು.